ಊಟ ಬಿಟ್ಟ ಹಾವು, ಗೊರಗುಟ್ಟುವ ಉಸಿರು: ಸಾಕು ಹಾವಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಹೊರದೇಶಗಳಲ್ಲಿರುವ ಕನ್ನಡಿಗರಿಂದ ಬಂದಿವೆ. ಅಂಥ ಹಲವು ದೇಶಗಳಲ್ಲಿ ಹಾವು ಸಾಕುವುದು ಅಪರೂಪವೇನಲ್ಲ. ಬರೆಯುವವರಲ್ಲಿ ಒಂದು ಕೋರಿಕೆ: ಹಾವಿನ ತೂಕ, ಗೂಡಿನ ಬಿಸಿ ತುದಿ ಮತ್ತು ತಂಪು ತುದಿಯ ಉಷ್ಣತೆ, ಕೊನೆಯ ಊಟದ ದಿನಾಂಕ, ಇವಿಷ್ಟನ್ನು ತಪ್ಪದೆ ತಿಳಿಸಿ. "ಗೂಡು ಬೆಚ್ಚಗಿದೆ" ಎಂದಷ್ಟೇ ಬರೆದರೆ ಉತ್ತರ ಕೊಡಲು ನಮ್ಮ ಕೈಗೆ ಏನೂ ಸಿಗುವುದಿಲ್ಲ.

ಪ್ರಶ್ನೆ: ಮಗನ ಬಾಲ್ ಪೈಥಾನ್ (ಚಿಕ್ಕ ಜಾತಿಯ ಹೆಬ್ಬಾವು) ಗಂಡು, ಎರಡೂವರೆ ವರ್ಷದ್ದು. ನವೆಂಬರಿನಿಂದ ಹತ್ತು ವಾರ ಏನೂ ತಿಂದಿಲ್ಲ. ಆಗ 1,240 ಗ್ರಾಂ ಇತ್ತು, ಈಗ 1,180. ಫ್ರೀಜರಿನ ಇಲಿ ಕರಗಿಸಿ ಇಟ್ಟರೆ ನಾಲಿಗೆ ಚಾಚಿ ನೋಡಿ ತಲೆ ತಿರುಗಿಸುತ್ತದೆ. ಅಂಗಡಿಯವರು ಜೀವಂತ ಇಲಿ ಬಿಡಿ ಎನ್ನುತ್ತಾರೆ. ಬಾಯಿ ಬಿಡಿಸಿ ತಿನ್ನಿಸೋಣವೇ? — ಎಡಿಸನ್, ನ್ಯೂಜೆರ್ಸಿ

ಉತ್ತರ: ಬೇಡ. ತೂಕ ಬರೆದಿಟ್ಟಿದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಇಳಿದಿರುವುದು 60 ಗ್ರಾಂ, ಅಂದರೆ ನೂರಕ್ಕೆ ಐದಕ್ಕಿಂತ ಕಡಿಮೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಈ ಹಾವಿನ ಬೆಳೆದ ಗಂಡುಗಳು ಚಳಿಗಾಲದಲ್ಲಿ, ಅಂದರೆ ಬೆದೆಯ ಕಾಲದಲ್ಲಿ, ತಿಂಗಳುಗಟ್ಟಲೆ ಊಟ ಬಿಡುವುದು ಮಾಮೂಲು. ತೂಕ ನೂರಕ್ಕೆ ಹತ್ತರಷ್ಟು ಇಳಿದರೆ, ನಿಮ್ಮ ಹಾವಿನ ಲೆಕ್ಕದಲ್ಲಿ 1,116 ಗ್ರಾಂ ತಲುಪಿದರೆ, ವೈದ್ಯರಿಗೆ ತೋರಿಸಿ. ಬೆನ್ನುಮೂಳೆ ಏಣಿನಂತೆ ಎದ್ದು ಕಂಡರೆ, ಚರ್ಮ ನೆರಿಗೆಗಟ್ಟಿದರೆ, ಬಾಯಲ್ಲಿ ಲೋಳೆ ಕಂಡರೆ ಅಲ್ಲಿಯವರೆಗೂ ಕಾಯಬೇಡಿ. ಮರಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ನೂರು ಗ್ರಾಮಿನ ಮರಿ ಮೂರು ನಾಲ್ಕು ವಾರ ಊಟ ಬಿಟ್ಟರೂ ಚಿಂತೆ ಮಾಡಬೇಕಾದ್ದೇ.

ಇಷ್ಟಾದರೂ ಗೂಡನ್ನೊಮ್ಮೆ ಪರೀಕ್ಷಿಸಿ. ಬಿಸಿ ತುದಿಯ ಅಡಗುಗೂಡಿನ ಒಳಗೆ, ಹಾವು ಮಲಗುವ ನೆಲದ ಮೇಲೆಯೇ ಥರ್ಮಾಮೀಟರಿನ ಪ್ರೋಬ್ ಇಟ್ಟು ಅಳೆಯಿರಿ. ಗಾಜಿಗೆ ಅಂಟಿಸಿದ ಗುಂಡು ಡಯಲ್‌ಗಳನ್ನು ನಂಬಬೇಡಿ. ಅಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ನಿಮ್ಮ ಲೆಕ್ಕದಲ್ಲಿ ಸುಮಾರು 90 ಫ್ಯಾರನ್‌ಹೀಟ್, ಇರಬೇಕು. ತಂಪು ತುದಿಯಲ್ಲಿ 25ರಿಂದ 27, ತೇವಾಂಶ ನೂರಕ್ಕೆ 60ರ ಆಸುಪಾಸು. ಎರಡೂ ತುದಿಗೆ ಒಂದೊಂದು ಅಡಗುಗೂಡು ಬೇಕು, ಅದೂ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ವಿಶಾಲವಾಗಿರಲಿ ಎಂದು ದೊಡ್ಡದು ತರುವವರೇ ಹೆಚ್ಚು; ಈ ಜಾತಿಗೆ ಅದು ಹಿಡಿಸುವುದಿಲ್ಲ. ಗಾಜಿನ ತೊಟ್ಟಿಯಾದರೆ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ.

ಇನ್ನು ಇಲಿ. ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು ಕರಗಿಸಿ. ಕೊಡುವ ಮುನ್ನ ಜಿಪ್ ಚೀಲದಲ್ಲಿ ಹಾಕಿ ನಲ್ಲಿಯ ಬಿಸಿ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಮುಳುಗಿಸಿ, ಇಲಿಯ ತಲೆ 37–38 ಡಿಗ್ರಿಗೆ ಬರಲಿ. ಬಾಲ್ ಪೈಥಾನಿನ ತುಟಿಯಂಚಿನ ಕುಳಿಗಳು ಶಾಖವನ್ನು ಗುರುತಿಸುತ್ತವೆ; ಮೈ ಬೆಚ್ಚಗಿದ್ದು ತಲೆ ತಣ್ಣಗಿರುವ ಇಲಿ ಅದಕ್ಕೆ ಬೇಟೆಯಾಗಿಯೇ ಕಾಣದು. ಮೈಕ್ರೋವೇವ್ ಬೇಡವೇ ಬೇಡ: ಒಂದು ಕಡೆ ಬೆಂದು ಇನ್ನೊಂದು ಕಡೆ ಹೆಪ್ಪುಗಟ್ಟಿಯೇ ಇರುತ್ತದೆ, ಹೊಟ್ಟೆ ಒಡೆಯುವುದೂ ಉಂಟು. ನಿಮ್ಮ ಹಾವಿಗೆ 60ರಿಂದ 80 ಗ್ರಾಮಿನ ಇಲಿ ಸಾಕು. ದೀಪ ಆರಿಸಿದ ಮೇಲೆ ಉದ್ದದ ಚಿಮಟದಲ್ಲಿ ಹಿಡಿದು ನಿಧಾನವಾಗಿ ಅಲ್ಲಾಡಿಸಿ. ತಿನ್ನದಿದ್ದರೆ ತೆಗೆದುಬಿಡಿ, ಮತ್ತೆ ಹತ್ತು ಹದಿನಾಲ್ಕು ದಿನ ಆ ಮಾತೇ ಬೇಡ. ದಿನವೂ ಇಲಿ ತೋರಿಸಿದರೆ ಹಟ ಇನ್ನಷ್ಟು ಬಲಿಯುತ್ತದೆ. ಜೀವಂತ ಇಲಿಯ ಸಲಹೆ ಕೆಟ್ಟದ್ದು. ಹಸಿವಿಲ್ಲದ ಹಾವಿನ ಜೊತೆ ರಾತ್ರಿಯಿಡೀ ಕೂಡಿಹಾಕಿದ ಇಲಿ ಅದರ ಬೆನ್ನನ್ನು ಮೂಳೆ ಕಾಣುವಷ್ಟು ಕಡಿಯುತ್ತದೆ.

ಪ್ರಶ್ನೆ: ಒಂದು ವರ್ಷದ ಕಾರ್ನ್ ಸ್ನೇಕ್, 95 ಗ್ರಾಂ. ಶನಿವಾರ ನುಂಗಿದ ಇಲಿಯನ್ನು ಸೋಮವಾರ ಅರ್ಧ ಕರಗಿದಂತೆ ಕಕ್ಕಿತು, ವಿಪರೀತ ನಾತ. ಹಸಿದಿರಬಹುದೆಂದು ಮರುದಿನ ಇನ್ನೊಂದು ಕೊಟ್ಟೆವು, ಅದನ್ನೂ ಕಕ್ಕಿತು. — ಲೆಸ್ಟರ್, ಇಂಗ್ಲೆಂಡ್

ಉತ್ತರ: ಎರಡನೆಯ ಇಲಿ ಕೊಡಬಾರದಿತ್ತು. ಕಕ್ಕುವಾಗ ಜಠರದ ಆಮ್ಲವೂ ಮೇಲೆ ಬಂದು ಗಂಟಲು ಸುಟ್ಟಿರುತ್ತದೆ, ಹೊಟ್ಟೆಯಲ್ಲಿ ಜೀರ್ಣರಸ ಬರಿದಾಗಿರುತ್ತದೆ. ಇವತ್ತಿನಿಂದ ಎರಡು ವಾರ ಪೂರ್ತಿ ಉಪವಾಸ, ನೀರು ಮಾತ್ರ. ಆ ಅವಧಿಯಲ್ಲಿ ಕೈಗೆ ಎತ್ತಿಕೊಳ್ಳುವುದೂ ಬೇಡ. ಆಮೇಲೆ 3–4 ಗ್ರಾಮಿನ ಇಲಿಮರಿ ಒಂದು. ಅದು ದಕ್ಕಿದರೆ ಹತ್ತು ದಿನ ಬಿಟ್ಟು ಅಷ್ಟೇ ಗಾತ್ರದ ಇನ್ನೊಂದು. ಮೂರು ಊಟ ಹೀಗೆ ಸರಾಗವಾಗಿ ಹೋದ ಮೇಲೆ ಮಾಮೂಲಿನ 9–10 ಗ್ರಾಮಿಗೆ ಏರಿಸಿ.

ಕಾರಣ ಹುಡುಕುವಾಗ ಮೊದಲು ರಾತ್ರಿಯ ಉಷ್ಣತೆ ನೋಡಿ. ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ರಾತ್ರಿ ಹೀಟಿಂಗ್ ಆರಿಸುತ್ತಾರೆ, ಕೋಣೆ 15–16 ಡಿಗ್ರಿಗೆ ಇಳಿಯುತ್ತದೆ. ಬರೀ ಒಂದು ಹೀಟ್ ಮ್ಯಾಟ್ ಆ ಚಳಿಗೆ ಸಾಲದು. ಹಾವಿನ ಹೊಟ್ಟೆ ಕೆಲಸ ಮಾಡುವುದು ಹೊರಗಿನ ಶಾಖದ ಬಲದಿಂದ. ಅದು ಸಿಗದಿದ್ದರೆ ಇಲಿ ಕರಗುವ ಮೊದಲೇ ಒಳಗೆ ಕೊಳೆಯುತ್ತದೆ, ನಿಮಗೆ ಬಂದ ನಾತ ಅದೇ. ಕಾರ್ನ್ ಸ್ನೇಕ್‌ಗೆ ಬಿಸಿ ತುದಿ 28ರಿಂದ 30, ತಂಪು ತುದಿ 22ರಿಂದ 24 ಇರಲಿ. ತಿಂದ 48 ಗಂಟೆಯೊಳಗೆ ಮಕ್ಕಳು ಕೈಗೆತ್ತಿಕೊಂಡಿದ್ದರೆ ಕಕ್ಕಲು ಅದೂ ಸಾಕು. ಇಲಿ ಹಾವಿನ ನಡುಮೈಗಿಂತ ಬಹಳ ದಪ್ಪವಿತ್ತೇ ಎಂದೂ ನೆನಪಿಸಿಕೊಳ್ಳಿ.

ಇವೆಲ್ಲ ಸರಿಯಿದ್ದೂ ಮತ್ತೆ ಕಕ್ಕಿದರೆ, ಅದರಲ್ಲೂ ಮೈಯ ನಡುಭಾಗದಲ್ಲಿ ಗಟ್ಟಿ ಊತ ಕೈಗೆ ಸಿಕ್ಕಿದರೆ, ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಯ ಅನುಮಾನ ಬರುತ್ತದೆ. ಜಠರದ ಗೋಡೆ ದಪ್ಪಗಾಗಿ ಊಟ ನಿಲ್ಲದ ಕಾಯಿಲೆ ಅದು. ಕಕ್ಕಿದ್ದನ್ನು ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟು ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಒಯ್ದು ಪಿಸಿಆರ್ ಪರೀಕ್ಷೆ ಕೇಳಿ. ಭರವಸೆಯ ಮದ್ದು ಇದಕ್ಕಿಲ್ಲ. ಬ್ಲೀಚ್, ಕೈಗೆ ಹಚ್ಚುವ ಸ್ಯಾನಿಟೈಸರ್ ಯಾವುದೂ ಇದನ್ನು ಕೊಲ್ಲುವುದಿಲ್ಲವಾದ್ದರಿಂದ ಮನೆಯಲ್ಲಿ ಬೇರೆ ಹಾವಿದ್ದರೆ ಚಿಮಟ, ಬಟ್ಟಲು ಎಲ್ಲ ಬೇರೆ ಬೇರೆ ಇರಲಿ.

ಪ್ರಶ್ನೆ: ನಮ್ಮ ಹಾವು ನಾಲ್ಕು ದಿನದಿಂದ ನೀರಿನ ಬಟ್ಟಲಲ್ಲೇ ಮಲಗಿದೆ, ಮೂತಿ ಮಾತ್ರ ಹೊರಗೆ. ಬಟ್ಟಲ ತಳದಲ್ಲಿ ಕರಿ ಚುಕ್ಕೆಗಳು ಕಾಣುತ್ತಿವೆ. ಊರಿನಿಂದ ಅಮ್ಮ ಬೇವಿನೆಣ್ಣೆ ಹಚ್ಚಿ ಎನ್ನುತ್ತಿದ್ದಾರೆ. — ಟೊರಾಂಟೊ

ಉತ್ತರ: ಕರಿ ಚುಕ್ಕೆ ಇಲ್ಲದಿದ್ದರೆ ನಾಲ್ಕಾರು ಕಾರಣ ಹೇಳಬಹುದಿತ್ತು. ಗೂಡು ಅತಿ ಬಿಸಿಯಾಗಿರಬಹುದು, ಗಾಳಿ ಒಣಗಿರಬಹುದು, ಪೊರೆ ಬರುತ್ತಿರಬಹುದು, ಬಟ್ಟಲು ಬಿಟ್ಟರೆ ಅಡಗಲು ಬೇರೆ ಜಾಗವೇ ಇಲ್ಲದಿರಬಹುದು. ಚುಕ್ಕೆ ಇರುವುದರಿಂದ ಇದು ನುಸಿ ಎಂದೇ ಹಿಡಿಯಿರಿ. ಒದ್ದೆ ಮಾಡಿದ ಬಿಳಿ ಟಿಶ್ಯೂ ಕಾಗದದಲ್ಲಿ ಹಾವಿನ ಮೈಯನ್ನು ತಲೆಯಿಂದ ಬಾಲದವರೆಗೆ ಮೆಲ್ಲಗೆ ಸವರಿ. ಗಸಗಸೆಗಿಂತ ಚಿಕ್ಕ ಕರಿ ಕಾಳು ಅಂಟಿಕೊಂಡು, ಉಗುರಿನಲ್ಲಿ ಒತ್ತಿದಾಗ ರಕ್ತದ ಕಲೆಯಾದರೆ ಅನುಮಾನ ಉಳಿಯುವುದಿಲ್ಲ. ಕಣ್ಣಿನ ಸುತ್ತಲ ಸಂದು, ಗದ್ದದ ಕೆಳಗಿನ ಗೆರೆ, ಮಲದ್ವಾರದ ಅಂಚು ನುಸಿಗಳಿಗೆ ಅಚ್ಚುಮೆಚ್ಚು. ಹಾವು ಮುಳುಗಿ ಕುಳಿತಾಗ ಮೈಮೇಲಿನವು ಸಾಯುತ್ತವೆ, ಉಳಿದವು ನೀರಿನಿಂದ ಹೊರಗಿರುವ ತಲೆಗೆ ಹತ್ತುತ್ತವೆ.

ಜನ ಸೋಲುವುದು ಇಲ್ಲಿ: ಹಾವಿಗೆ ಮದ್ದು ಮಾಡುತ್ತಾರೆ, ಗೂಡನ್ನು ಬಿಡುತ್ತಾರೆ. ನುಸಿ ಮೊಟ್ಟೆಯಿಡುವುದು ಹಾವಿನ ಮೇಲಲ್ಲ, ಗೂಡಿನ ಕತ್ತಲ ಸಂದುಗಳಲ್ಲಿ. ಬೆಚ್ಚಗಿನ ಗೂಡಿನಲ್ಲಿ ಎರಡು ಮೂರು ವಾರಕ್ಕೆ ಹೊಸ ಪೀಳಿಗೆ ತಯಾರು. ಆದ್ದರಿಂದ ಹಾವನ್ನು ಗಾಳಿ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿಗೆ ಬದಲಿಸಿ. ಹಾಸಲು ಟಿಶ್ಯೂ ಕಾಗದ, ಅಡಗಲು ರಟ್ಟಿನ ಪೆಟ್ಟಿಗೆ, ಎರಡನ್ನೂ ದಿನವೂ ಎಸೆಯಿರಿ. ದಿನಕ್ಕೊಮ್ಮೆ 28–30 ಡಿಗ್ರಿಯ ನೀರಿನಲ್ಲಿ, ಮೈಯ ಅರ್ಧ ದಪ್ಪ ಮುಳುಗುವಷ್ಟು ಆಳದಲ್ಲಿ, ಅರ್ಧ ಗಂಟೆ ಬಿಡಿ, ಪಕ್ಕದಲ್ಲೇ ಇರಿ. ಹಳೆಯ ಗೂಡಿನ ಹಾಸನ್ನು ಚೀಲದಲ್ಲಿ ಬಿಗಿದು ಮನೆಯಿಂದ ಹೊರಗೆ ಹಾಕಿ. ಮರದ ತುಂಡು, ತೊಗಟೆಯ ಆಸೆ ಬಿಡಿ. ತೊಟ್ಟಿಯನ್ನು ಕುದಿನೀರಿನಲ್ಲಿ ತೊಳೆಯಿರಿ, ಗಾಜಾದರೆ ಸೀಳದಂತೆ ಮೊದಲು ಬೆಚ್ಚಗಿನ ನೀರು ಹಾಯಿಸಿ. ಮುಚ್ಚಳ ಜಾರುವ ಕಾಲುವೆ ಮತ್ತು ಹೀಟ್ ಮ್ಯಾಟಿನ ಅಂಚುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಅಕ್ಕಪಕ್ಕದ ನೆಲವನ್ನೂ ವ್ಯಾಕ್ಯೂಮ್ ಮಾಡಿ ಅದರ ಚೀಲ ಎಸೆಯಿರಿ.

ಮದ್ದಿನ ವಿಷಯಕ್ಕೆ ಬಂದರೆ, ಐವರ್ಮೆಕ್ಟಿನ್ ವೈದ್ಯರು ತೂಕ ನೋಡಿ ಕೊಡಬೇಕಾದದ್ದು. ಮನೆಯಲ್ಲಿ ಆಮೆ ಇದ್ದರೆ ಅದರ ಹತ್ತಿರಕ್ಕೂ ತರಬೇಡಿ, ಆಮೆಗಳಿಗೆ ಅದು ಪ್ರಾಣಾಂತಕ. ಪರ್ಮೆಥ್ರಿನ್ ಎಂಬ ಕೀಟನಾಶಕದ ಸ್ಪ್ರೇ ಖಾಲಿ ಗೂಡಿಗೆ ಮಾತ್ರ. ನೀರಿನ ಬಟ್ಟಲು ಹೊರಗಿಟ್ಟು ಸಿಂಪಡಿಸಿ, ಪೂರ್ತಿ ಒಣಗಿ ವಾಸನೆ ಹೋದ ಮೇಲೆ ಹಾವು ಒಳಗೆ. ಹಾವು ನಡುಗಿದರೆ, ಅಂಗಾತ ಬಿದ್ದು ಮಗುಚಿಕೊಳ್ಳಲಾಗದಿದ್ದರೆ ವಿಷವೇರಿದೆ ಎಂದರ್ಥ. ಕೂಡಲೇ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ. ವಿಷ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. ಹಸಿರುಮನೆ ಬೆಳೆಗಾರರು ಮಣ್ಣಿನ ಕೀಟಕ್ಕೆ ಬಿಡುವ ಸ್ಟ್ರಾಟಿಯೊಲೇಲಾಪ್ಸ್ ಎಂಬ ಬೇಟೆಗಾರ ನುಸಿ ಹಾವಿನ ನುಸಿಯನ್ನೂ ತಿನ್ನುತ್ತದೆ, ಹಾವಿನ ಗೋಜಿಗೆ ಹೋಗುವುದಿಲ್ಲ. ಸ್ಪ್ರೇ ಹೊಡೆದ ಗೂಡಿನಲ್ಲಿ ಮಾತ್ರ ಅದೂ ಸಾಯುತ್ತದೆ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ. ಅಮ್ಮನ ಬೇವಿನೆಣ್ಣೆ ತಾಗಿದ ನುಸಿಯನ್ನು ಕೊಲ್ಲಬಹುದು, ಸಂದಿನ ಮೊಟ್ಟೆಗಳಿಗೆ ತಾಗುವುದಿಲ್ಲ. ಮೈಯೆಲ್ಲ ಜಿಡ್ಡಾಗಿ ಮುಂದಿನ ಪೊರೆ ಕೆಡುವುದೇ ಲಾಭ. ಕೊನೆಯ ನುಸಿ ಕಂಡ ಮೇಲೂ ಆರು ವಾರ ಟಿಶ್ಯೂ ಪರೀಕ್ಷೆ ನಡೆಯಲಿ. ಇದು ನಿಮ್ಮ ಮನೆಗೆ ಬಂದದ್ದು ಬಹುಶಃ ಹೊಸ ಹಾವು, ಹಳೆಯ ಗೂಡು ಅಥವಾ ಅಂಗಡಿಯ ತೊಗಟೆಯ ಜೊತೆ. ಮುಂದೆ ಯಾವ ಹಾವು ತಂದರೂ 90 ದಿನ ಬೇರೆ ಕೋಣೆಯಲ್ಲಿಡಿ.

ಪ್ರಶ್ನೆ: ಬಾಲ್ ಪೈಥಾನ್ ಉಸಿರಾಡುವಾಗ ಗೊರಗೊರ ಸದ್ದು. ತಲೆಯನ್ನು ಗೋಡೆಗೆ ಒರಗಿಸಿ ಮೇಲಕ್ಕೆತ್ತಿಕೊಂಡೇ ಇರುತ್ತದೆ. ನೀಲಗಿರಿ ಎಣ್ಣೆ ಹಾಕಿ ಹಬೆ ಕೊಡಬಹುದೇ? — ಮ್ಯೂನಿಕ್

ಉತ್ತರ: ನೀಲಗಿರಿ, ಕರ್ಪೂರ, ಮುಲಾಮು ಯಾವುದೂ ಬೇಡ, ಶ್ವಾಸಕೋಶ ಇನ್ನಷ್ಟು ಕೆರಳುತ್ತದೆ. ಪೊರೆ ಬರುವ ದಿನಗಳಲ್ಲಿ ಮೂಗಿನ ಹೊಳ್ಳೆಯೊಳಗೆ ಚರ್ಮ ಸಡಿಲಗೊಂಡು ಸಣ್ಣ ಸೀಟಿಯಂಥ ಸದ್ದು ಬರುವುದುಂಟು, ಪೊರೆ ಕಳಚಿದ ಮೇಲೆ ಅದು ನಿಲ್ಲುತ್ತದೆ. ತಲೆ ಎತ್ತಿಕೊಂಡೇ ಇರುವುದು ಬೇರೆ ಮಾತು. ಹಾವಿಗೆ ವಪೆ (ಎದೆಗೂಡಿನಡಿಯ ಉಸಿರಾಟದ ಸ್ನಾಯು) ಇಲ್ಲ, ನಮ್ಮಂತೆ ಕೆಮ್ಮಿ ಕಫ ಹೊರಹಾಕಲಾರದು. ಲೋಳೆ ಉದ್ದನೆಯ ಶ್ವಾಸಕೋಶದ ತಳದಲ್ಲಿ ನಿಲ್ಲುತ್ತದೆ, ಉಸಿರಿನ ದಾರಿ ನೇರವಾಗಲೆಂದು ಹಾವು ತಲೆ ಎತ್ತುತ್ತದೆ. ಬಾಯಂಚಿನಲ್ಲಿ ಗುಳ್ಳೆ, ನೂಲಿನಂತೆ ಎಳೆಯುವ ಜೊಲ್ಲು, ಸುಮ್ಮನೆ ಮಲಗಿರುವಾಗಲೂ ತೆರೆದ ಬಾಯಿ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಊಟವಾದ ಮೇಲೆ ಒಂದೆರಡು ಸಲ ಬಾಯಿ ಅಗಲಿಸುವುದನ್ನು ಇದರ ಜೊತೆ ಬೆರೆಸಬೇಡಿ, ಅದು ದವಡೆ ಸರಿಪಡಿಸಿಕೊಳ್ಳುವ ರೀತಿ.

ವೈದ್ಯರ ಸಮಯ ಸಿಗುವವರೆಗೆ ಬಿಸಿ ತುದಿಯನ್ನು ಹಗಲು ರಾತ್ರಿ 32–33ರಲ್ಲಿ ಹಿಡಿದಿಡಿ, ತಂಪು ತುದಿ 27ಕ್ಕಿಂತ ಕೆಳಗಿಳಿಯದಿರಲಿ. ರೋಗನಿರೋಧಕ ಶಕ್ತಿ ಶಾಖದ ಜೊತೆಗೇ ಏರುತ್ತದೆ. ತೇವಾಂಶ ಇರಲಿ, ಹಾಸು ಒದ್ದೆಯಾಗಿರುವುದು ಬೇಡ. ಆಸ್ಪತ್ರೆಗೆ ಒಯ್ಯುವಾಗ ದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಡಿ. ಸ್ವಾಬ್ ಕಲ್ಚರ್ (ಲೋಳೆ ತೆಗೆದು ಅದರಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಜೊತೆಗೆ ನಿಡೊವೈರಸ್ ಪಿಸಿಆರ್ ಕೂಡ ಕೇಳಿ. ಪೈಥಾನ್‌ಗಳಲ್ಲಿ ಮರಳಿ ಮರಳಿ ಬರುವ ಶ್ವಾಸದ ಕಾಯಿಲೆಗೆ ಅದು ಕಾರಣವಾಗುವುದುಂಟು, ಅದಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಬ್ಯಾಕ್ಟೀರಿಯಾ ಎಂದಾದರೆ ಸಾಮಾನ್ಯವಾಗಿ ಸೆಫ್ಟಾಜಿಡೀಮ್ ಇಂಜೆಕ್ಷನ್, ಮೂರು ದಿನಕ್ಕೊಂದರಂತೆ. ಮನೆಯಲ್ಲೇ ಚುಚ್ಚಲು ಹೇಳಿಕೊಟ್ಟರೆ ಮೈಯ ಮುಂದಿನ ಮೂರನೇ ಒಂದು ಭಾಗದಲ್ಲೇ ಚುಚ್ಚಿ. ಹಿಂಭಾಗದ ರಕ್ತ ನೇರ ಮೂತ್ರಪಿಂಡಕ್ಕೆ ಹೋಗಬಹುದು, ಮದ್ದು ಮೈಗೆ ಸೇರುವ ಮೊದಲೇ ಸೋರಿಹೋಗುತ್ತದೆ. ಸದ್ದು ನಿಂತಿತೆಂದು ನಡುವೆ ನಿಲ್ಲಿಸಬೇಡಿ.

ಪ್ರಶ್ನೆ: ಹೊಸದಾಗಿ ತಂದ ಬಾಲ್ ಪೈಥಾನ್ ಇಲಿ ಕಂಡಾಗ ತಲೆಯನ್ನು ತಿರುಚಿ ಅಲ್ಲಾಡಿಸುತ್ತದೆ, ಗುರಿಯೂ ತಪ್ಪುತ್ತದೆ. "ಸ್ಪೈಡರ್" ಎಂದು ಮಾರಿದ್ದಾರೆ. — ಹ್ಯೂಸ್ಟನ್

ಉತ್ತರ: ಸ್ಪೈಡರ್ ಬಣ್ಣದ ಜೀನ್ ಜೊತೆಯಲ್ಲೇ ಈ ತೊಂದರೆಯೂ ಬರುತ್ತದೆ, ಒಳಕಿವಿಯ ರಚನೆಯೇ ಅವುಗಳಲ್ಲಿ ಬೇರೆ. ಅಂಟುರೋಗವಲ್ಲ, ಮದ್ದೂ ಇಲ್ಲ. ಇಲಿಯನ್ನು ಮೂತಿಯ ಹತ್ತಿರ ಅಲ್ಲಾಡಿಸದೆ ಹಿಡಿಯಿರಿ, ಎತ್ತರದ ಕೊಂಬೆ ಇಡಬೇಡಿ, ಮರಿ ಮಾಡಿಸಬೇಡಿ. ಅಂಗಡಿಯವರು "ಸ್ವಲ್ಪ ಅಲ್ಲಾಡುತ್ತದೆ ಅಷ್ಟೆ" ಎಂದು ಮಾರುವುದು ನಮಗೆ ಸರಿ ಕಾಣುವುದಿಲ್ಲ. ಸ್ಪೈಡರ್ ಅಲ್ಲದ ಹಾವು ದಿಢೀರನೆ ಹೀಗೆ ಮಾಡಿದರೆ, ಆಕಾಶ ನೋಡುವಂತೆ ತಲೆ ಎತ್ತಿ ಹಿಂದಕ್ಕೆ ಬಾಗಿಸಿದರೆ, ಅಂಗಾತ ಮಲಗಿಸಿದಾಗ ತಕ್ಷಣ ಮಗುಚಿಕೊಳ್ಳದಿದ್ದರೆ ಅದು ತುರ್ತು: ಥರ್ಮೋಸ್ಟಾಟ್ ಕೆಟ್ಟು ಶಾಖ ಏರಿದೆಯೇ, ಕೋಣೆಯಲ್ಲಿ ಜಿರಲೆ ಸ್ಪ್ರೇ ಹೊಡೆದಿದ್ದಾರೆಯೇ ನೋಡಿ. ಎರಡೂ ಅಲ್ಲವಾದರೆ ಬೋವಾ, ಪೈಥಾನ್‌ಗಳಿಗೆ ಬರುವ ರೆಪ್ಟಾರೆನಾ ವೈರಸ್ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ಕೊಟ್ಟಿಗೆಯ ಮೂಲೆಯಲ್ಲಿ ಕೇರೆ ಹಾವೊಂದು ಎರಡು ದಿನದಿಂದ ಮಂಕಾಗಿ ಬಿದ್ದಿದೆ, ಕಣ್ಣು ಬೆಳ್ಳಗಾಗಿದೆ. ಕುರುಡೇ? ಚೇತರಿಸುವವರೆಗೆ ಸಾಕಬಹುದೇ? ಹಾಲಿಟ್ಟೆವು, ಮುಟ್ಟಲಿಲ್ಲ. — ಹಾಸನ ಜಿಲ್ಲೆ

ಉತ್ತರ: ಅದಕ್ಕೆ ಪೊರೆ ಬಂದಿದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೂ ಪಾರದರ್ಶಕ ಚರ್ಮವೇ ಇರುತ್ತದೆ. ಹಳೆಯ ಮತ್ತು ಹೊಸ ಚರ್ಮದ ನಡುವೆ ದ್ರವ ತುಂಬಿದಾಗ ಕಣ್ಣು ಹಾಲುಬಣ್ಣಕ್ಕೆ ತಿರುಗುತ್ತದೆ, ನಾಲ್ಕೈದು ದಿನ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಕಣ್ಣು ತಿಳಿಯಾಗಿ, ಇನ್ನೂ ಕೆಲವು ದಿನಕ್ಕೆ ಪೊರೆ ಕಳಚುತ್ತದೆ. ಕಾಣದಿರುವ ಆ ದಿನಗಳಲ್ಲಿ ಹಾವು ಬೇಗ ಹೆದರುತ್ತದೆ, ಕಚ್ಚಲೂ ಮುಂದಾಗುತ್ತದೆ. ಹತ್ತಿರ ಹೋಗಬೇಡಿ, ಒರಟು ಕಲ್ಲು ಸೌದೆ ಇದ್ದಲ್ಲಿ ಅದೇ ಉಜ್ಜಿಕೊಂಡು ಕಳಚಿಕೊಳ್ಳುತ್ತದೆ. ಹಾಲು ಹಾವಿನ ಆಹಾರವಲ್ಲ. ಪಂಚಮಿಗೆ ಹಾವಾಡಿಗರ ಬುಟ್ಟಿಯ ನಾಗರ ಹಾಲು ಕುಡಿಯುವುದು ದಿನಗಟ್ಟಲೆ ನೀರು ಕೊಡದೆ ಒಣಗಿಸಿರುವುದರಿಂದ. ಸಾಕುವ ಮಾತು ಬೇಡ: ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಮನೆಯಲ್ಲಿಟ್ಟರೆ ಜೈಲು. ಗಾಯ ಕಂಡರೆ ಅಥವಾ ಅದು ಕೇರೆಯೇ ಎಂಬ ಅನುಮಾನವಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಬೆಂಗಳೂರಿನಿಂದ ಬಾಲ್ ಪೈಥಾನ್ ಬಗ್ಗೆ ಬರೆದವರಿಗೂ ಇಲ್ಲೇ ಒಂದು ಮಾತು. ಅದು ಹೊರದೇಶದ ಹಾವಾದರೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್‌ನ ಪಟ್ಟಿಯಲ್ಲಿದೆ. ಅದೇ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಕಾಗದವಿಲ್ಲದ ಹಾವನ್ನು ಕಡಿಮೆ ಬೆಲೆಗೆ ಸಿಗುತ್ತದೆಂದು ತರಬೇಡಿ.

ಪ್ರಶ್ನೆ: ಕಾರ್ಪೆಟ್ ಪೈಥಾನಿನ ಪೊರೆ ಚೂರುಚೂರಾಗಿ ಬಂತು. ಒಂದು ಕಣ್ಣು ಮಾತ್ರ ಸುಕ್ಕುಗಟ್ಟಿ ಮಂಕಾಗಿದೆ. — ಮೆಲ್ಬರ್ನ್

ಉತ್ತರ: ಕಣ್ಣಿನ ಮೇಲಿನ ಹಳೆಯ ಪೊರೆ ಉಳಿದಿದೆ. ಕಳಚಿದ ಚೂರುಗಳಲ್ಲಿ ತಲೆಯ ಭಾಗ ಹುಡುಕಿ ಬೆಳಕಿಗೆ ಹಿಡಿಯಿರಿ. ಎರಡು ಗುಂಡನೆಯ ಪಾರದರ್ಶಕ ಬಿಲ್ಲೆ ಇರಬೇಕು, ನಿಮ್ಮಲ್ಲಿ ಒಂದೇ ಸಿಗುತ್ತದೆ. ಬಾಲದ ತುದಿಯನ್ನೂ ನೋಡಿ. ಅಲ್ಲಿ ಉಂಗುರವಾಗಿ ಉಳಿದ ಚರ್ಮ ಒಣಗಿ ಬಿಗಿದು ರಕ್ತ ನಿಲ್ಲಿಸುತ್ತದೆ, ತುದಿ ಕಪ್ಪಾಗಿ ಉದುರುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಬೆಚ್ಚಗಿನ ನೀರಿನಲ್ಲಿ ಹಿಂಡಿದ ಎರಡು ಟವೆಲ್ ಹಾಕಿ, 28–30 ಡಿಗ್ರಿಯಲ್ಲಿ ಅರ್ಧ ಗಂಟೆ ಹಾವನ್ನು ಅದರೊಳಗೆ ಹರಿದಾಡಲು ಬಿಡಿ. ಮೈ ಮತ್ತು ಬಾಲದ ಚರ್ಮ ಬೆರಳಿನಿಂದ ಸವರಿದರೆ ಜಾರುತ್ತದೆ. ಕಣ್ಣಿಗೆ ಮಾತ್ರ ಚಿಮಟ, ಅಂಟುಪಟ್ಟಿ, ಉಗುರು ಏನನ್ನೂ ತಾಗಿಸಬೇಡಿ. ಅಡಿಯಲ್ಲಿರುವ ಹೊಸ ಪೊರೆಯೂ ಕಿತ್ತುಬಂದರೆ ಕಣ್ಣೇ ಹೋಗುತ್ತದೆ. ಮುಂದಿನ ಸಲ ಮೈ ಮಂಕಾದ ದಿನದಿಂದಲೇ ಒದ್ದೆ ಪಾಚಿ ತುಂಬಿದ ಅಡಗುಗೂಡು ಇಟ್ಟು ತೇವಾಂಶವನ್ನು 70ಕ್ಕೆ ಏರಿಸಿ, ಕಣ್ಣಿನ ಹಳೆಯ ಪೊರೆ, ಆಗಿನ ಪೊರೆ ಬಹುತೇಕ ಎರಡೂ ಒಟ್ಟಿಗೆ ಬರುತ್ತವೆ. ಆಗಲೂ ಬರದಿದ್ದರೆ ವೈದ್ಯರು ತೆಗೆಯಲಿ.

ಪ್ರಶ್ನೆ: ಮನೆಯಲ್ಲಿ ಎಂಟು ತಿಂಗಳ ಕೂಸಿದೆ. ಹಾವಿನಿಂದ ಕಾಯಿಲೆ ಬರುತ್ತದೆಯೇ? — ಸಿಂಗಪುರ

ಉತ್ತರ: ಸಿಂಗಪುರದಲ್ಲಿ ಹಾವು ಸಾಕುವುದೇ ಕಾನೂನುಬಾಹಿರ, ಮೊದಲು ಅದನ್ನು ವಿಚಾರಿಸಿಕೊಳ್ಳಿ. ಕಾಯಿಲೆಯ ಮಾತು ಎಲ್ಲ ದೇಶಕ್ಕೂ ಒಂದೇ: ನೋಡಲು ಗಟ್ಟಿಮುಟ್ಟಾಗಿರುವ ಹಾವಿನ ಮಲದಲ್ಲೂ ಸಾಲ್ಮೊನೆಲ್ಲಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಾವು ಇಡದಿರುವುದೇ ಲೇಸು. ಇದ್ದರೆ ಅದರ ಬಟ್ಟಲು, ಚಿಮಟಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಮುಟ್ಟಿದ ಮೇಲೆ ಕೂಸನ್ನು ಎತ್ತಿಕೊಳ್ಳುವ ಮುನ್ನ ಸೋಪು ಹಾಕಿ ಕೈ ತೊಳೆದು ಅಂಗಿಯನ್ನೂ ಬದಲಿಸಿ.